ಮನೆಯ ವೈಫೈಗೆ ಏನೇನು ಸೇರಿಕೊಂಡಿದೆ? ಎಣಿಸುವುದು ಹೀಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಫೈಬರ್ ನೆಟ್ ಬಂದು ಮೂರು ವರ್ಷವಾಯಿತು. ಕರೆಂಟ್ ಕಂಬಗಳ ಮೇಲೆ ಕಪ್ಪು ಕೇಬಲ್ ಎಳೆದು ತಂದು, ಜಗಲಿ ಗೋಡೆಗೆ ಒಂದು ಬಿಳಿ ಡಬ್ಬಿ, ಅಂದರೆ ರೂಟರ್, ಕೂರಿಸಿ ಹೋದರು. ಕಳೆದ ಮಳೆಗಾಲದಲ್ಲಿ ನೆಟ್ ಯಾಕೋ ತುಂಬಾ ನಿಧಾನವಾಯಿತು. ಫೋನ್ ಮಾಡಿದರೆ ಆ ಕಡೆಯವರು ಮೊದಲು ಕೇಳಿದ ಪ್ರಶ್ನೆ: ‘ನಿಮ್ಮ ಮನೇಲಿ ಎಷ್ಟು ಡಿವೈಸ್ ಇದೆ?’ ನಾನು ‘ಐದು’ ಎಂದೆ. ಅಪ್ಪಯ್ಯನ ಫೋನು, ಅಮ್ಮನ ಫೋನು, ನನ್ನ ಫೋನು, ಲ್ಯಾಪ್‌ಟಾಪ್, ಟಿವಿ. ಆಮೇಲೆ ರೂಟರ್ ಒಳಗೆ ಹೋಗಿ ನೋಡಿದರೆ ಹದಿನಾಲ್ಕು ಇತ್ತು.

ಉಳಿದ ಒಂಬತ್ತು ಯಾವುವು ಎಂದು ಪತ್ತೆ ಮಾಡಲು ಒಂದು ಭಾನುವಾರ ಪೂರ್ತಿ ಹೋಯಿತು. ಹೊರಗಿನವರು ಯಾರೂ ನುಸುಳಿರಲಿಲ್ಲ. ಎಲ್ಲ ನಾವೇ ತಂದು, ನಾವೇ ಪಾಸ್‌ವರ್ಡ್ ಕೊಟ್ಟು, ಆಮೇಲೆ ಮರೆತುಬಿಟ್ಟವು. ಸಂಜೆ ದನ ಮನೆಗೆ ಬಂದ ಮೇಲೆ ಎಣಿಸದೆ ಕೊಟ್ಟಿಗೆ ಬಾಗಿಲು ಹಾಕುವವರು ನಮ್ಮ ಕಡೆ ಯಾರೂ ಇಲ್ಲ. ವೈಫೈಗೂ ಅಂಥದ್ದೇ ಒಂದು ಎಣಿಕೆ ಬೇಕು. ಇದಕ್ಕೆ ಕಂಪ್ಯೂಟರ್ ಓದಿರಬೇಕಾಗಿಲ್ಲ. ಒಂದು ಫೋನು, ಒಂದು ಹಾಳೆ, ಒಂದು ಪೆನ್ನು ಸಾಕು.

ಹೆಜ್ಜೆ 1: ಮೊದಲು ಮನೆ ಸುತ್ತಿ

ರೂಟರ್ ಪಟ್ಟಿಯನ್ನು ಈಗಲೇ ತೆರೆಯಬೇಡಿ. ಅದನ್ನು ಮೊದಲು ನೋಡಿದರೆ ಅದರಲ್ಲಿರುವ ಹೆಸರುಗಳಿಗೆ ನಾವು ಏನೋ ಒಂದು ಊಹೆ ಮಾಡಿ ಹೊಂದಿಸಿಬಿಡುತ್ತೇವೆ. ಹಾಳೆ ಹಿಡಿದು ಜಗಲಿಯಿಂದ ಶುರು ಮಾಡಿ. ನಡುಮನೆ, ಅಡುಗೆಮನೆ, ಬಚ್ಚಲು, ಅಟ್ಟ, ಅಂಗಳ, ಕೊಟ್ಟಿಗೆ, ಪಂಪ್‌ಮನೆ ಎಲ್ಲ ಸುತ್ತಿ ಬನ್ನಿ. ಮನೆಯವರನ್ನೂ ಕೇಳಿ. ಮಕ್ಕಳಿಗೆ ನಮಗಿಂತ ಜಾಸ್ತಿ ಗೊತ್ತಿರುತ್ತದೆ.

ಯಾವುದನ್ನು ಬರೆಯಬೇಕು? ವೈಫೈ ಪಾಸ್‌ವರ್ಡ್ ಕೊಟ್ಟ ಪ್ರತಿಯೊಂದನ್ನೂ, ತನ್ನದೇ ಸಿಮ್ ಇರುವ ಪ್ರತಿಯೊಂದನ್ನೂ ಬರೆಯಿರಿ. ಕೆಲವು ಕಡೆ ಗೊಂದಲವಾಗುತ್ತದೆ. ಚಾವಣಿ ಮೇಲೆ ಡಿಶ್ ಇದೆ, ಕೆಳಗೆ ಸಾದಾ ಸೆಟ್‌ಟಾಪ್ ಬಾಕ್ಸ್ ಇದೆ ಅಂದರೆ ಅದು ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಸಿಗ್ನಲ್ ಆಕಾಶದಿಂದ ಬರುತ್ತದೆ. ವೈಫೈಗೆ ಸೇರಿಸಿದ ಬಾಕ್ಸ್ ಆದರೆ ಬರುತ್ತದೆ. ಬ್ಲೂಟೂತ್ ವಾಚು, ಕಿವಿಗೆ ಹಾಕುವ ಇಯರ್‌ಫೋನ್ ಇವು ಫೋನಿನ ಮೂಲಕ ಮಾತಾಡುತ್ತವೆ, ಬೇರೆಯಾಗಿ ಎಣಿಸಬೇಕಾಗಿಲ್ಲ.

ಕ್ಯಾಮೆರಾ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಡಿಕೆಗೆ ಬೆಲೆ ಬಂದ ಮೇಲೆ ನಮ್ಮ ಕಡೆ ಅಂಗಳಕ್ಕೊಂದು ಕ್ಯಾಮೆರಾ ಮಾಮೂಲಿಯಾಗಿದೆ. ಒಣಗಲು ಹರಡಿದ ಅಡಿಕೆ ರಾತ್ರಿ ಅಲ್ಲೇ ಇರುತ್ತದೆ, ಕಾಯಲು ಜನ ಸಿಗುವುದಿಲ್ಲ. ಈ ಕ್ಯಾಮೆರಾಗಳಲ್ಲಿ ಮೂರು ಬಗೆ. ಒಂದು, ನಾಲ್ಕು ಕ್ಯಾಮೆರಾದ ವೈರು ವಿಡಿಯೋ ಉಳಿಸಿಡುವ ಒಂದು ಡಿವಿಆರ್ ಡಬ್ಬಿಗೆ ಬಂದು ಸೇರುವುದು. ಇಲ್ಲಿ ನೆಟ್ ಇರುವುದು ಡಿವಿಆರ್‌ಗೆ ಮಾತ್ರ, ಹಾಗಾಗಿ ನಾಲ್ಕು ಕ್ಯಾಮೆರಾ ಇದ್ದರೂ ಲೆಕ್ಕ ಒಂದೇ. ಎರಡನೆಯದು ನೇರವಾಗಿ ವೈಫೈಗೆ ಸೇರುವ ಕ್ಯಾಮೆರಾ, ಎಷ್ಟಿದೆಯೋ ಅಷ್ಟನ್ನೂ ಬರೆಯಿರಿ. ಮೂರನೆಯದು ಸೋಲಾರ್ ಪ್ಯಾನೆಲ್ ಜೊತೆಗೆ ಬರುವ ಸಿಮ್ ಕ್ಯಾಮೆರಾ. ತೋಟದಲ್ಲಿ ಇಂಥವೇ ಇರುವುದು. ಅದು ನಿಮ್ಮ ರೂಟರ್ ಪಟ್ಟಿಯಲ್ಲಿ ಯಾವತ್ತೂ ಕಾಣುವುದಿಲ್ಲ, ಆದರೆ ಇಂಟರ್‌ನೆಟ್‌ನಲ್ಲಿ ಇದ್ದೇ ಇದೆ. ಹಾಳೆಯಲ್ಲಿ ಬರೆದು ಪಕ್ಕದಲ್ಲಿ ‘ಸಿಮ್’ ಎಂದು ಗುರುತು ಹಾಕಿ.

ಪಂಪ್‌ಸೆಟ್‌ಗೆ ಹಾಕಿಸಿದ ಮೊಬೈಲ್ ಸ್ಟಾರ್ಟರ್ ಕೂಡ ಹಾಗೇ. ಹಳೆಯ ಬಗೆಯದು ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಮೇಲೆ ನಡೆಯುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಡ. ಆಪ್‌ನಲ್ಲಿ ನಡೆಯುವ ಹೊಸದಕ್ಕೆ ಬೇಕು. ಎರಡನ್ನೂ ಬರೆದುಕೊಳ್ಳಿ ಎನ್ನುತ್ತೇನೆ. ಯಾಕೆಂದರೆ ಆ ಸಿಮ್ ನಂಬರಿಗೆ ಯಾರು ಕಾಲ್ ಮಾಡಿದರೂ ಮೋಟಾರ್ ಶುರುವಾಗುವಂತೆ ಇಟ್ಟಿದ್ದರೆ ಅದು ಅಪಾಯ. ಬಾವಿಯ ಹತ್ತಿರ, ಪೈಪಿನ ಹತ್ತಿರ ಯಾರೋ ಕೆಲಸ ಮಾಡುತ್ತಿರಬಹುದು. ಮನೆಯವರ ನಂಬರಿಗೆ ಮಾತ್ರ ಓಗೊಡುವಂತೆ ಸೆಟ್ಟಿಂಗ್ ಇದ್ದರೆ ಇವತ್ತೇ ಹಾಕಿಸಿ.

ಹೆಜ್ಜೆ 2: ರೂಟರ್ ಒಳಗೆ ಹೋಗುವುದು

ನೆಟ್ ಕೊಡುವ ಎಷ್ಟೋ ಕಂಪನಿಗಳಿಗೆ ಈಗ ಆಪ್ ಇದೆ. ಅದರಲ್ಲೇ ‘ಕನೆಕ್ಟೆಡ್ ಡಿವೈಸಸ್’ ಎಂಬ ಜಾಗ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಹೀಗೆ ಮಾಡಿ. ಫೋನನ್ನು ಮನೆಯ ವೈಫೈಗೆ ಸೇರಿಸಿ, ಬ್ರೌಸರ್ ತೆರೆಯಿರಿ. ಮೇಲೆ ವಿಳಾಸ ಹಾಕುವ ಜಾಗದಲ್ಲಿ 192.168.1.1 ಎಂದು ಟೈಪ್ ಮಾಡಿ. ಬರದಿದ್ದರೆ 192.168.0.1 ಹಾಕಿ ನೋಡಿ. ಅದೂ ಬರದಿದ್ದರೆ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ನಿಮ್ಮ ವೈಫೈ ಹೆಸರು ಒತ್ತಿ, ‘ಗೇಟ್‌ವೇ’ ಅಥವಾ ‘ರೂಟರ್’ ಎಂಬ ಸಾಲು ಹುಡುಕಿ. ಅಲ್ಲಿರುವ ನಂಬರೇ ನಿಮ್ಮ ರೂಟರ್ ವಿಳಾಸ.

ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಡಬ್ಬಿಯದ್ದೇ ಬೇರೆ. ಡಬ್ಬಿಯ ಹಿಂದೆ ಅಥವಾ ಕೆಳಗೆ ಅಂಟಿಸಿದ ಸ್ಟಿಕರ್ ಮೇಲೆ ಇರುತ್ತದೆ. ನಮ್ಮ ಮನೆಯಲ್ಲಿ ಕನೆಕ್ಷನ್ ಕೊಟ್ಟ ಹುಡುಗ ಎರಡನ್ನೂ ‘ಅಡ್ಮಿನ್’ ಎಂದೇ ಬಿಟ್ಟು ಹೋಗಿದ್ದ. ಮೂರು ವರ್ಷ ಹಾಗೇ ಇತ್ತು.

ಒಂದು ಎಚ್ಚರಿಕೆ. ಪಾಸ್‌ವರ್ಡ್ ಸಿಗಲಿಲ್ಲ ಎಂದು ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಒತ್ತಬೇಡಿ. ಅದು ರೀಸೆಟ್ ಬಟನ್. ಕಂಪನಿಯವರು ಹಾಕಿದ ಸೆಟ್ಟಿಂಗ್ ಕೂಡ ಅಳಿಸಿಹೋಗಬಹುದು. ಆಮೇಲೆ ಜುಲೈ ಮಳೆಯಲ್ಲಿ ಅವರು ಘಾಟಿ ರಸ್ತೆ ಹತ್ತಿ ಬರುವವರೆಗೆ ಕಾಯಬೇಕು. ಅದರ ಬದಲು ಫೋನ್ ಮಾಡಿ ಪಾಸ್‌ವರ್ಡ್ ಕೇಳಿ.

ಒಳಗೆ ಹೋದ ಮೇಲೆ ‘ಕನೆಕ್ಟೆಡ್ ಡಿವೈಸಸ್’, ‘ಡಿಎಚ್‌ಸಿಪಿ ಕ್ಲೈಂಟ್ಸ್’ ಅಥವಾ ಅಂಥದ್ದೇ ಹೆಸರಿನ ಪುಟ ಹುಡುಕಿ. ಪ್ರತಿ ಸಾಲಿನಲ್ಲಿ ಒಂದು ಹೆಸರು, 192.168 ಎಂದು ಶುರುವಾಗುವ ಒಂದು ಐಪಿ ವಿಳಾಸ, ಮತ್ತೆ ಎರಡೆರಡು ಅಕ್ಷರ-ಅಂಕಿಯ ಆರು ಜೋಡಿ ಇರುವ ಮ್ಯಾಕ್ ವಿಳಾಸ (ಸಾಧನದ ಗುರುತಿನ ನಂಬರು) ಇರುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಈ ಪಟ್ಟಿ ರೂಟರ್‌ನಲ್ಲೇ ಯಾಕೆ ಸಿಗುತ್ತದೆ, ಹೊರಗಿನವರಿಗೆ ಯಾಕೆ ಕಾಣುವುದಿಲ್ಲ ಎಂದು ಅಪ್ಪಯ್ಯ ಕೇಳಿದರು. ಒಳ್ಳೆಯ ಪ್ರಶ್ನೆ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಇರುವುದು ಸುಮಾರು 430 ಕೋಟಿ. ಪ್ರತಿ ಬಲ್ಬಿಗೂ ಒಂದೊಂದು ಕೊಟ್ಟರೆ ಸಾಲುವುದಿಲ್ಲ. ಅದಕ್ಕೇ ಮನೆಗೆಲ್ಲ ಹೊರಗೆ ಒಂದೇ ವಿಳಾಸ, ಒಳಗೆ ರೂಟರ್ ಹಂಚುವ ಸಣ್ಣ ವಿಳಾಸಗಳು. ಕೂಡುಕುಟುಂಬದ ಮನೆಗೆ ಬಂದ ಕಾಗದವೆಲ್ಲ ಜಗಲಿಗೆ ಬಂದು, ಅಲ್ಲಿಂದ ಅವರವರ ಕೈಗೆ ಹೋದ ಹಾಗೆ. ಯಾರ ಕಾಗದ ಯಾರಿಗೆ ಎಂಬುದು ಜಗಲಿಯಲ್ಲಿ ಕೂತವರಿಗೆ ಮಾತ್ರ ಗೊತ್ತು.

ಹೆಜ್ಜೆ 3: ಹಾಳೆಗೂ ಪಟ್ಟಿಗೂ ತಾಳೆ ಹಾಕಿ

ಹೊತ್ತು ಹಿಡಿಯುವ ಕೆಲಸ ಇದೇ. ಫೋನು, ಟಿವಿ ಇವು ಕಂಪನಿ ಹೆಸರಿನಲ್ಲೋ ಮಾಡೆಲ್ ಹೆಸರಿನಲ್ಲೋ ಇರುತ್ತವೆ, ಬೇಗ ಗೊತ್ತಾಗುತ್ತವೆ. ಕಷ್ಟ ಕೊಡುವುದು ಸಣ್ಣ ಸಾಮಾನುಗಳು. ನಮ್ಮ ಪಟ್ಟಿಯಲ್ಲಿ ‘ಇಎಸ್‌ಪಿ’ ಎಂದು ಶುರುವಾಗಿ ಮುಂದೆ ಆರು ಅಕ್ಷರ-ಅಂಕಿ ಇದ್ದ ಎರಡು ಹೆಸರಿದ್ದವು. ನೋಡಿ ಗಾಬರಿಯಾಯಿತು. ಎಸ್‌ಪ್ರೆಸಿಫ್ ಎಂಬ ಚೀನಾದ ಕಂಪನಿಯ ವೈಫೈ ಚಿಪ್ ಹಾಕಿದ ಸಾಮಾನುಗಳು ಹೀಗೆ ಕಾಣಿಸುತ್ತವೆ. ಕಡಿಮೆ ಬೆಲೆಯ ಸ್ಮಾರ್ಟ್ ಪ್ಲಗ್, ಬಲ್ಬುಗಳಲ್ಲಿ ಈ ಚಿಪ್ ತುಂಬಾ ಸಾಮಾನ್ಯ. ನಮ್ಮವು ಬಚ್ಚಲಿನ ಗೀಸರ್‌ಗೆ ಒಂದು, ಜಗಲಿ ದೀಪಕ್ಕೆ ಒಂದು ಹಾಕಿದ ಪ್ಲಗ್‌ಗಳು.

ಹೆಸರಿಂದ ಗೊತ್ತಾಗದಿದ್ದರೆ ಮ್ಯಾಕ್ ವಿಳಾಸದ ಮೊದಲ ಮೂರು ಜೋಡಿ ನೋಡಿ. ಅದು ತಯಾರಿಸಿದ ಕಂಪನಿಯ ಗುರುತು. ಅದನ್ನು ಸರ್ಚ್ ಮಾಡಿದರೆ ಕಂಪನಿ ಹೆಸರು ಸಿಗುತ್ತದೆ. ಆದರೆ ಫೋನುಗಳಿಗೆ ಈ ಉಪಾಯ ನಡೆಯುವುದಿಲ್ಲ. ಆಂಡ್ರಾಯ್ಡ್ 10 ಮತ್ತು ಐಫೋನಿನ ಐಒಎಸ್ 14 ಬಂದ ಮೇಲೆ, ಅಂದರೆ 2019-20ರಿಂದ, ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಮುಚ್ಚಿಟ್ಟು ಬೇರೆ ವಿಳಾಸ ತೋರಿಸುತ್ತವೆ. ನಮ್ಮ ಜಾಡು ಹಿಡಿಯಬಾರದು ಎಂದು ಮಾಡಿದ್ದು, ಒಳ್ಳೆಯದೇ. ಗುರುತಿಸುವುದು ಸುಲಭ: ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಹೆಚ್ಚಾಗಿ ಅದು ಇಂಥ ಬದಲಿ ವಿಳಾಸ.

ಇಷ್ಟಾದರೂ ಉಳಿದವಕ್ಕೆ ಒಂದೇ ದಾರಿ. ಒಂದೊಂದನ್ನೇ ಆಫ್ ಮಾಡಿ, ಪುಟವನ್ನು ರಿಫ್ರೆಶ್ ಮಾಡಿ, ಯಾವ ಸಾಲು ಹೋಯಿತು ನೋಡಿ. ಒಬ್ಬರು ಫೋನ್ ಹಿಡಿದು ಕೂರಬೇಕು, ಇನ್ನೊಬ್ಬರು ಪ್ಲಗ್ ಕೀಳುತ್ತಾ ಹೋಗಬೇಕು. ಕೆಲವು ರೂಟರ್‌ಗಳಲ್ಲಿ ಹೋದವರ ಹೆಸರೂ ಒಂದು ದಿನದ ತನಕ ಉಳಿಯುತ್ತದೆ. ನಮ್ಮ ಹದಿನಾಲ್ಕನೆಯದು ಹಾಗೇ ಆಗಿದ್ದು. ಹಿಂದಿನ ದಿನ ಬಂದು ಊಟ ಮಾಡಿ ಹೋಗಿದ್ದ ಭಾವನ ಫೋನು ಅದು. ಅಂಥ ಅನುಮಾನ ಬಂದರೆ ರೂಟರನ್ನು ಒಮ್ಮೆ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ.

ಹೇಳಬೇಕಲ್ಲ, ಉಳಿದ ಆರು ಇವು: ಡಿವಿಆರ್, ಅಂಗಳದ ವೈಫೈ ಕ್ಯಾಮೆರಾ, ಚಾವಣಿಯ ಸೋಲಾರ್ ಇನ್ವರ್ಟರ್‌ಗೆ ಸಿಕ್ಕಿಸಿದ ವೈಫೈ ಕಡ್ಡಿ, ಪ್ರಿಂಟರ್, ಒಂದು ಸ್ಪೀಕರ್, ಮತ್ತೆ ಅಮ್ಮ ಅಡುಗೆಮನೆ ಶೆಲ್ಫಿನಲ್ಲಿ ಹಾಡು ಕೇಳಲು ಇಟ್ಟುಕೊಂಡ ಹಳೇ ಫೋನು. ನೆಟ್ ನಿಧಾನ ಮಾಡುತ್ತಿದ್ದದ್ದು ಅಂಗಳದ ಕ್ಯಾಮೆರಾ. ಅಡಿಕೆ ಸುಗ್ಗಿಯಲ್ಲಿ ಹಗಲು ರಾತ್ರಿ ವಿಡಿಯೋ ಕಳಿಸುವಂತೆ ಇಟ್ಟಿದ್ದೆವು, ಸುಗ್ಗಿ ಮುಗಿದರೂ ಬದಲಿಸಿರಲಿಲ್ಲ. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಕಳಿಸಿದರೂ ದಿನಕ್ಕೆ ಸುಮಾರು 10.8 ಜಿಬಿ ಆಗುತ್ತದೆ. ಅದೇ ಸಿಮ್ ಕ್ಯಾಮೆರಾ ಆಗಿದ್ದರೆ ದಿನಕ್ಕೆ 1.5 ಜಿಬಿಯ ಪ್ಯಾಕ್ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಖಾಲಿ. ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಸೆಟ್ಟಿಂಗ್ ಹಾಕಿ, ಇಲ್ಲವೇ ಮೆಮೊರಿ ಕಾರ್ಡ್‌ಗೆ ಉಳಿಸುವಂತೆ ಮಾಡಿ.

ಹೆಜ್ಜೆ 4: ಯಾರದ್ದೂ ಅಲ್ಲದ್ದು ಉಳಿದರೆ

ತೋಟದ ನಡುವಿನ ಒಂಟಿ ಮನೆಯಾದರೆ ಹೊರಗಿನವರು ಸೇರಿರುವ ಸಂಭವ ಕಡಿಮೆ. ಪಕ್ಕದ ಮನೆಗೆ ಅರ್ಧ ಫರ್ಲಾಂಗ್ ಇರುತ್ತದೆ, ಅಲ್ಲಿಗೆ ವೈಫೈ ಮುಟ್ಟುವುದಿಲ್ಲ. ಶಿವಮೊಗ್ಗದ ವಿನೋಬನಗರದಲ್ಲೋ ಗೋಪಾಳದಲ್ಲೋ ಗೋಡೆಗೆ ಗೋಡೆ ತಾಗಿದ ಮನೆಯಾದರೆ ಮಾತು ಬೇರೆ. ಗೃಹಪ್ರವೇಶಕ್ಕೆ ಬಂದ ಎಲ್ಲರಿಗೂ ಪಾಸ್‌ವರ್ಡ್ ಹೇಳಿರುತ್ತೇವೆ, ಅಲ್ವಾ? ಅವರ ಫೋನು ಅದನ್ನು ಮರೆಯುವುದಿಲ್ಲ.

ಗುರುತು ಸಿಗದಿದ್ದರೆ ವೈಫೈ ಪಾಸ್‌ವರ್ಡ್ ಬದಲಿಸಿ. ಹಾಗೆ ಮಾಡಿದರೆ ಮನೆಯ ಎಲ್ಲ ಸಾಧನಗಳೂ ಒಮ್ಮೆಗೇ ಹೊರಗೆ ಬೀಳುತ್ತವೆ. ಪ್ಲಗ್, ಕ್ಯಾಮೆರಾಗಳನ್ನು ಮತ್ತೆ ಮೊದಲಿಂದ ಸೇರಿಸಬೇಕು. ಆದ್ದರಿಂದ ಬಿಡುವಿನ ದಿನ ನೋಡಿ ಮಾಡಿ, ಪರೀಕ್ಷೆಯ ಹಿಂದಿನ ರಾತ್ರಿ ಬೇಡ. ಸೇರಿಸುವಾಗ ಒಂದು ವಿಷಯ ನೆನಪಿರಲಿ: ಇಂಥ ಸಣ್ಣ ಸಾಮಾನುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ನಮ್ಮ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ದಾಟಲು ಅದಕ್ಕೆ ಕಷ್ಟ. ಅದೇ ಪುಟದಲ್ಲಿ ಭದ್ರತೆಯ ಸಾಲು ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇದೆಯೇ ನೋಡಿ. ಡಬ್ಲ್ಯೂಇಪಿ ಎಂದಿದ್ದರೆ ಅದು ಸುಲಭವಾಗಿ ಮುರಿಯಬಹುದಾದ ಹಳೇ ಬಗೆ, ತಕ್ಷಣ ಬದಲಿಸಿ.

ಹೆಜ್ಜೆ 5: ಡೀಫಾಲ್ಟ್ ಪಾಸ್‌ವರ್ಡ್ ತೆಗೆಯಿರಿ

ಡೀಫಾಲ್ಟ್ ಎಂದರೆ ಕಂಪನಿಯವರೇ ಮೊದಲು ಹಾಕಿಕೊಟ್ಟ ಪಾಸ್‌ವರ್ಡ್. ಇದೊಂದನ್ನು ಬದಲಿಸುವುದನ್ನು ದಯವಿಟ್ಟು ಮುಂದೂಡಬೇಡಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ಸಾಫ್ಟ್‌ವೇರ್ ಜಗತ್ತಿನಾದ್ಯಂತ ಮನೆಗಳ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಒಳಗೆ ಹೊಕ್ಕಿತು. ಅದು ಮಾಡಿದ್ದು ಇಷ್ಟೇ: ಕಂಪನಿಗಳು ಹಾಕಿಕೊಡುವ ಅರವತ್ತು ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಒಂದಾದ ಮೇಲೆ ಒಂದು ಹಾಕಿ ನೋಡಿತು. ‘ಅಡ್ಮಿನ್-ಅಡ್ಮಿನ್’ ಅದರಲ್ಲಿ ಒಂದು. ಆ ವರ್ಷ ಅಕ್ಟೋಬರ್ 21ರಂದು ಇಂಥ ಸಾಧನಗಳನ್ನೆಲ್ಲ ಒಟ್ಟಿಗೆ ತಾಣಗಳ ಹೆಸರಿಗೆ ಅವುಗಳ ಐಪಿ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಕಂಪನಿಯ ಮೇಲೆ ಛೂ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳೇ ಎಷ್ಟೋ ಜನರಿಗೆ ಸಿಗದೆ ಹೋದವು. ಕ್ಯಾಮೆರಾದ ಯಜಮಾನರಿಗೆ ಇದರ ಸುಳಿವೂ ಇರಲಿಲ್ಲ. ಕರೆಂಟ್ ಹೋಗಿ ಬಂದರೆ ಮಿರಾಯ್ ಅಳಿಸಿಹೋಗುತ್ತಿತ್ತು, ಆದರೆ ಹಳೇ ಪಾಸ್‌ವರ್ಡ್ ಇದ್ದಲ್ಲಿ ಮತ್ತೆ ಹೊಕ್ಕುತ್ತಿತ್ತು. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಇಂಥ ಸುಲಭದ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟು ಸಾಮಾನು ಮಾರುವುದೇ ಕಾನೂನಿಗೆ ವಿರುದ್ಧ.

ಹಾಗಾಗಿ ರೂಟರ್, ಡಿವಿಆರ್, ಕ್ಯಾಮೆರಾ ಮೂರರ ಪಾಸ್‌ವರ್ಡನ್ನೂ ಬದಲಿಸಿ. ಮೂರಕ್ಕೂ ಬೇರೆ ಬೇರೆ ಇರಲಿ. ಮರೆತುಹೋಗುತ್ತದೆ ಎಂಬ ಭಯ ಇದ್ದರೆ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ, ತಪ್ಪೇನಿಲ್ಲ. ರೂಟರ್‌ನಲ್ಲಿ ‘ರಿಮೋಟ್ ಮ್ಯಾನೇಜ್‌ಮೆಂಟ್’ (ಹೊರಗಿನಿಂದ ರೂಟರ್ ಸೆಟ್ಟಿಂಗ್ ಬದಲಿಸುವ ಸೌಲಭ್ಯ) ಆನ್ ಇದ್ದರೆ ಅದು ಬೇಕೇ ಎಂದು ನೆಟ್ ಕೊಟ್ಟವರನ್ನು ಕೇಳಿ, ಬೇಡವಾದರೆ ಆಫ್ ಮಾಡಿ. ಫೋನು, ಕಂಪ್ಯೂಟರಿನಲ್ಲಿ ಏನೋ ಹೊಕ್ಕಿದೆ ಎನಿಸಿದರೆ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಟೂಲ್‌ಗಳಿವೆ. ಹಣವೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ರೂಟರ್‌ನಲ್ಲಿ ‘ಗೆಸ್ಟ್ ನೆಟ್‌ವರ್ಕ್’ (ಮುಖ್ಯ ವೈಫೈಯಿಂದ ಬೇರೆಯಾಗಿರುವ ಇನ್ನೊಂದು ವೈಫೈ) ಇದ್ದರೆ ಪ್ಲಗ್, ಬಲ್ಬ್, ಕ್ಯಾಮೆರಾಗಳನ್ನು ಅದಕ್ಕೆ ಸೇರಿಸಿ. ನೆಂಟರಿಗೂ ಅದರ ಪಾಸ್‌ವರ್ಡ್ ಕೊಡಿ. ಟಿವಿ ಮಾತ್ರ ಮುಖ್ಯ ವೈಫೈಯಲ್ಲೇ ಇರಲಿ, ಇಲ್ಲದಿದ್ದರೆ ಫೋನಿನಿಂದ ಟಿವಿಗೆ ವಿಡಿಯೋ ಕಳಿಸಲು ಆಗದೆ ಹೋಗಬಹುದು.

ಹಾಳೆಯನ್ನು ಬಿಸಾಡಬೇಡಿ

ಅದೇ ಹಾಳೆಯಲ್ಲಿ ಇನ್ನೊಂದು ಕಾಲಂ ಹಾಕಿ: ‘ಪ್ಲಗ್ ಎಲ್ಲಿದೆ’. ಏಪ್ರಿಲ್-ಮೇ ಸಂಜೆಗಳಲ್ಲಿ, ಮತ್ತೆ ಮಳೆಗಾಲ ಮುಗಿಯುವ ಹೊತ್ತಿಗೆ ಗುಡುಗು ಶುರುವಾದಾಗ ಏನೇನು ಕೀಳಬೇಕು ಎಂದು ಅದನ್ನು ನೋಡಿದರೆ ಗೊತ್ತಾಗುತ್ತದೆ. ಫೈಬರ್‌ನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ರೂಟರ್‌ನ ಅಡಾಪ್ಟರ್ ಸಿಕ್ಕಿಸಿರುವುದು ಮನೆಯ ಕರೆಂಟಿಗೇ. ಸಿಡಿಲಿನ ಹೊಡೆತ ಆ ಕಡೆಯಿಂದ ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಗುಡುಗು ಹತ್ತಿರ ಬರುವ ಮೊದಲೇ ಕಿತ್ತಿಡಿ.

ನಮ್ಮ ಹಾಳೆ ಅಡುಗೆಮನೆಯ ಕ್ಯಾಲೆಂಡರ್ ಹಿಂದೆ ಇದೆ. ಹೊಸದು ಬಂದರೆ ಅವತ್ತೇ ಒಂದು ಸಾಲು ಸೇರುತ್ತದೆ. ಹಳೆಯದನ್ನು ಯಾರಿಗಾದರೂ ಕೊಡುವಾಗ ಮೊದಲು ಆಪ್‌ನಿಂದ ಅದರ ಹೆಸರು ತೆಗೆಯಿರಿ. ಕ್ಯಾಮೆರಾ ಆದರೆ ಮೆಮೊರಿ ಕಾರ್ಡ್ ತೆಗೆದು, ರೀಸೆಟ್ ಬಟನ್ ಒತ್ತಿ ಹಿಡಿದು ಎಲ್ಲ ಅಳಿಸಿ. ಫೋನ್ ಆದರೆ ನಿಮ್ಮ ಅಕೌಂಟಿನಿಂದ ಹೊರಬಂದು ಫ್ಯಾಕ್ಟರಿ ರೀಸೆಟ್ ಮಾಡಿ. ಆಮೇಲೆ ರೂಟರ್ ಪಟ್ಟಿ ತೆರೆದು ಅದು ಇಲ್ಲ ಎಂದು ನೋಡಿಕೊಂಡೇ ಹಾಳೆಯ ಆ ಸಾಲಿಗೆ ಗೆರೆ ಎಳೆಯಿರಿ.