ಹಿಂದೆ ಉಳಿಯೋ ಮಕ್ಕಳಿಗೆ ಕಾಲೇಜ್ ಲೈಬ್ರರಿ ಏನ್ ಮಾಡ್ಬೋದು: ನಮ್ಮ ಮಲ್ನಾಡ್ ಕಡೆ ಲೆಕ್ಕದಲ್ಲಿ

ಚಿಕ್ಕಮಗಳೂರಲ್ಲಿ ಡಿಗ್ರಿ ಸೇರಿದಾಗ ಫಸ್ಟ್ ಇಯರ್ ಪೂರ್ತಿ ನಾನು ಲೈಬ್ರರಿಯಿಂದ ಒಂದೇ ಒಂದು ಬುಕ್ ತಗೊಂಡಿರ್ಲಿಲ್ಲ. ಓದೋ ಆಸೆ ಇರ್ಲಿಲ್ಲ ಅಂತಲ್ಲ, ಮೊದಲ ದಿನ ಹೋದಾಗ್ಲೇ ಕೌಂಟರಲ್ಲಿ ಎಲ್ರಿಗೂ ಕೇಳೋ ಹಂಗೆ "ಎಸ್ಸಿ ಬುಕ್ ಬ್ಯಾಂಕಾ? ಆ ಕಡೆ ನಿಂತ್ಕೋ" ಅಂದ್ರು (ಎಸ್ಸಿ ಎಸ್ಟಿ ಮಕ್ಕಳಿಗೆ ಟೆಕ್ಸ್ಟ್ ಬುಕ್ ಓದಕ್ಕೆ ಕೊಡೋ ಯೋಜನೆ ಅದು), ನಾನು ನಿಂತ್ಕೊಳ್ಲಿಲ್ಲ, ಸೀದಾ ಹೊರಗೆ ಬಂದ್ಬಿಟ್ಟೆ, ಆಮೇಲೆ ಆ ವರ್ಷ ಪೂರ್ತಿ ಆ ಕಡೆ ತಲೆ ಹಾಕ್ಲಿಲ್ಲ. ಈಗ ಅಂಥದ್ದೇ ಒಂದು ಕೌಂಟರ್ ಹಿಂದೆ ಕೂತ್ಕೊಂಡು ನಾನೇ ಪುಸ್ತಕ ಕೊಡ್ತಾ ಇದೀನಿ. ಅದಕ್ಕೇ ಇದನ್ನ ಬರೀತಿರೋದು, ನಮ್ಮ ಜಿಲ್ಲೆ, ಹಾಸನ ಜಿಲ್ಲೆ ಕಾಲೇಜ್ ಲೈಬ್ರರಿಯವರು ಯಾರಾದ್ರೂ ಓದಿದ್ರೆ ಈ ಸೆಮಿಸ್ಟರಲ್ಲೇ ಶುರು ಮಾಡ್ಬೋದು.

ಕೆಲವು ಮಕ್ಕಳು ಮುಂದೆ, ಕೆಲವು ಮಕ್ಕಳು ಹಿಂದೆ ಅನ್ನೋ ಈ ಅಂತರ ನಮ್ಮಲ್ಲಿ ಮಾತ್ರ ಇರೋದಲ್ಲ. ಬ್ರಿಟನ್ನಲ್ಲಿ ಅಲ್ಲಿನ ಯೂನಿವರ್ಸಿಟಿಗಳ ಒಕ್ಕೂಟ, ವಿದ್ಯಾರ್ಥಿ ಸಂಘ ಎರಡೂ ಸೇರಿ 2019ರಲ್ಲಿ ಒಂದು ವರದಿ ತಂದ್ವು, ಬಿಳಿಯರ ಮಕ್ಕಳಿಗೂ ಕಪ್ಪು, ಏಷ್ಯಾ ಮೂಲದ, ಬೇರೆ ಅಲ್ಪಸಂಖ್ಯಾತ ಮಕ್ಕಳಿಗೂ ಒಳ್ಳೆ ಕ್ಲಾಸಲ್ಲಿ ಪಾಸಾಗೋದ್ರಲ್ಲಿ ನೂರಕ್ಕೆ 13 ಜನದಷ್ಟು ಅಂತರ ಇತ್ತು ಅಂತ. ನಮ್ಮಲ್ಲಿ ಅದೇ ಕಥೆಗೆ ಹೆಸರು ಬೇರೆ: ಕಾಫಿ ಎಸ್ಟೇಟ್ ಕೂಲಿಯವರ ಲೈನ್ ಮನೆ ಮಕ್ಕಳು, ಕಡೂರು ಅರಸೀಕೆರೆ ಕಡೆ ತಾಂಡಾದವರು, ಕೊಪ್ಪ ಶೃಂಗೇರಿ ಕಡೆ ಹಸಲರು ಅನ್ನೋ ಬುಡಕಟ್ಟಿನವರು, ಬೇಲೂರು ತಾಲೂಕು ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಮಕ್ಕಳು, ಮನೇಲಿ ಮೊದಲ ಸಲ ಕಾಲೇಜ್ ಮೆಟ್ಲು ಹತ್ತಿದವರು. ಬುದ್ಧಿ ಕಮ್ಮಿ ಇರಲ್ಲ, ಪುಸ್ತಕ ಕೈಗೆ ಸಿಗೋ ಟೈಮ್ ಕಮ್ಮಿ, ಕೇಳೋ ಧೈರ್ಯ ಕಮ್ಮಿ, ಅಷ್ಟೇ.

ಮೊದಲು ಮಾಡ್ಬೇಕಾದ್ದು ನಿಮ್ಮ ಇಶ್ಯೂ ರಿಜಿಸ್ಟರ್ ತೆಗೆದು ನೋಡೋದು. ಕಂಪ್ಯೂಟರಲ್ಲಿ ಕೋಹಾನೋ ಇ-ಗ್ರಂಥಾಲಯನೋ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಹಾಕಿದ್ರೆ ಕಳೆದ ವರ್ಷದ ರಿಪೋರ್ಟ್ ತೆಗೆಯೋದು ಕಷ್ಟ ಏನಲ್ಲ, ಇಲ್ಲಾಂದ್ರೆ ಕೈಬರಹದ ರಿಜಿಸ್ಟರೇ ಸಾಕು. ವರ್ಷದಲ್ಲಿ ಒಂದೂ ಪುಸ್ತಕ ತಗೊಳ್ದೆ ಇರೋರು ಯಾರು? ಹಾಸ್ಟೆಲವ್ರಾ, ಬಸ್ಸಲ್ಲಿ ಓಡಾಡೋರಾ, ಕನ್ನಡ ಮೀಡಿಯಮ್ಮಾ? ಈ ಪಟ್ಟಿ ನಿಮ್ಮ ಡ್ರಾಯರಲ್ಲೇ ಇರ್ಲಿ, ನೋಟಿಸ್ ಬೋರ್ಡಿಗೆ ಬರೋದು ಬೇಡ, ಕ್ಲಾಸಲ್ಲಿ ಹೆಸರು ಕೂಗೋದಂತೂ ಬೇಡವೇ ಬೇಡ. ಬುಕ್ ಬ್ಯಾಂಕ್ ಪುಸ್ತಕಾನೂ ಅದೇ ಕೌಂಟರಲ್ಲಿ, ಅದೇ ಸಾಲಲ್ಲಿ, ಎಲ್ರಿಗೂ ಕೊಡೋ ಥರಾನೇ ಕೊಡಿ. ಮೇಲೆ ದೊಡ್ಡದಾಗಿ ಎಸ್ಸಿ ಎಸ್ಟಿ ಅಂತ ಹೊಡೆದಿರೋ ಸೀಲ್ ಇರತ್ತಲ್ಲ, ಅದನ್ನ ಒಳಪುಟಕ್ಕೆ ಹಾಕಿ. ಸಣ್ಣ ವಿಷಯ ಅನ್ಸತ್ತೆ, ಆದ್ರೆ ಬಸ್ಸಲ್ಲಿ ಆ ಪುಸ್ತಕ ಹಿಡ್ಕೊಂಡು ಕೂರೋ ಹುಡುಗಿಗೆ ಅದು ಸಣ್ಣದಲ್ಲ.

ಎರಡ್ನೇದು ಬಸ್ ಟೈಮು. ಲೈಬ್ರರಿ ಹತ್ತಕ್ಕೆ ತೆಗ್ದು ಐದಕ್ಕೆ ಮುಚ್ಚತ್ತೆ, ಕ್ಲಾಸ್ ಬಿಡೋದು ನಾಲ್ಕಕ್ಕೆ, ಆಲ್ದೂರು ಮಲ್ಲಂದೂರು ಕಡೆ ಹೋಗೋರು ಆ ಕೂಡ್ಲೇ ಬಸ್ಸ್ಟ್ಯಾಂಡಿಗೆ ಓಡ್ಬೇಕು, ಮಧ್ಯಾಹ್ನ ಊಟದ ಹೊತ್ತಿಗೆ ಬಂದ್ರೆ ನಮ್ಮವ್ರೇ ಬಾಗಿಲು ಹಾಕ್ಕೊಂಡು ಊಟಕ್ಕೆ ಹೋಗಿರ್ತಾರೆ. ಹಂಗಾದ್ರೆ ಆ ಮಕ್ಕಳು ಬರೋದಾದ್ರೂ ಯಾವಾಗ? ಬೆಳಿಗ್ಗೆ ಬಸ್ಸುಗಳು ಬೇಗ ಬರತ್ವೆ, ಮಕ್ಕಳು ಗೇಟ್ ಹತ್ರ ಸುಮ್ನೆ ನಿಂತಿರ್ತಾರೆ, ಎಂಟೂವರೆಗೆ ತೆಗೀರಿ. ಊಟದ ಹೊತ್ತಲ್ಲಿ ಒಬ್ಬರಾದ್ರೂ ಕೂತಿರಿ, ಪಾಳಿ ಹಾಕ್ಕೊಳ್ಳಿ. ವಾಟ್ಸಾಪಲ್ಲಿ ಪುಸ್ತಕದ ಹೆಸರು ಕಳ್ಸಿದ್ರೆ ತೆಗ್ದಿಟ್ಟು ಕೊಡೋ ವ್ಯವಸ್ಥೆ ಮಾಡಿ, ಎರಡು ನಿಮಿಷದ ಕೆಲ್ಸ. ನಮ್ಮ ದೇಶದ ಲೈಬ್ರರಿ ವಿಜ್ಞಾನದ ಪಿತಾಮಹ ರಂಗನಾಥನ್ ಅವ್ರು 1931ರಲ್ಲೇ ಓದುಗರ ಸಮಯ ಉಳಿಸಿ ಅಂತ ನಿಯಮ ಬರೆದಿಟ್ರು, ನಾವು ಪರೀಕ್ಷೆಗೆ ಓದಿ ಪಾಸಾಗಿದ್ದೀವಿ, ಕೌಂಟರಿಗೆ ತಂದಿಲ್ಲ.

ಇನ್ನು ಫೈನ್. ಇದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು ನಾನು. ನವೆಂಬರ್ ಇಂದ ಕಾಫಿ ಹಣ್ಣು ಕುಯ್ಯೋ ಕಾಲ, ಮೊದಲು ಅರೇಬಿಕಾ ಆಮೇಲೆ ರೋಬಸ್ಟಾ, ಫೆಬ್ರವರಿ ತನಕ ನಡೆಯತ್ತೆ. ಲೈನ್ ಮನೆ ಮಕ್ಕಳು ಅಪ್ಪ ಅಮ್ಮನ ಜೊತೆ ಕುಯ್ಲಿಗೆ ಹೋಗ್ತಾರೆ, ಹದಿನೈದು ದಿನ ಕಾಲೇಜ್ ತಪ್ಪತ್ತೆ, ಪುಸ್ತಕ ಲೇಟಾಗತ್ತೆ, ದಿನಕ್ಕಿಷ್ಟು ಅಂತ ಫೈನ್ ಬೆಳೀತಾ ಹೋಗತ್ತೆ, ಅದನ್ನ ಕಟ್ಟಕ್ಕಾಗ್ದೆ ಆ ಹುಡ್ಗ ಲೈಬ್ರರಿ ಕಡೆ ಬರೋದೇ ಬಿಡ್ತಾನೆ, ಕೊನೆಗೆ ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಸರ್ಟಿಫಿಕೇಟ್ ಸಿಗ್ಲಿಲ್ಲ ಅಂತ ಹಾಲ್ ಟಿಕೆಟ್ ಹೊತ್ತಲ್ಲಿ ಕಣ್ಣಲ್ಲಿ ನೀರು. ಒಬ್ಬ ಹುಡ್ಗ ಜನವರಿ ಕೊನೇಲಿ ಅರ್ಥಶಾಸ್ತ್ರದ ಪುಸ್ತಕ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ತಂದಿದ್ದ, ಒಂದು ಪುಟಾನೂ ಮಡಚಿರ್ಲಿಲ್ಲ, ಬೆರಳೆಲ್ಲ ಹಣ್ಣಿನ ಕಲೆ ಹಿಡ್ದು ಕಪ್ಪಾಗಿತ್ತು, ಜೇಬಿಂದ ಮಡಚಿದ ನೋಟು ತೆಗ್ದು ಫೈನ್ ಎಷ್ಟು ಸರ್ ಅಂತ ಕೇಳ್ದ. ಅವತ್ತೇ ಪ್ರಿನ್ಸಿಪಾಲ್ ಹತ್ರ ಹೋದೆ. ನಿಮ್ಮ ಲೈಬ್ರರಿ ಕಮಿಟೀಲಿ ಇದನ್ನ ಪಾಸ್ ಮಾಡ್ಸಿ: ಕುಯ್ಲಿನ ತಿಂಗಳುಗಳಲ್ಲಿ ಗಡುವು ತಾನಾಗೇ ಮುಂದಕ್ಕೆ ಹೋಗ್ಬೇಕು, ಫೋನಲ್ಲೇ ರಿನ್ಯೂ ಆಗ್ಬೇಕು, ಟೆಕ್ಸ್ಟ್ ಬುಕ್ ಪೂರ್ತಿ ಸೆಮಿಸ್ಟರಿಗೆ ಸಿಗ್ಬೇಕು.

ಡಿಜಿಟಲ್ ಅಂದ್ರೆ ಎಲ್ಲಾ ಸರಿಹೋಯ್ತು ಅಂತ ಅನ್ಕೋಬೇಡಿ, ಎಷ್ಟೋ ಎಸ್ಟೇಟಲ್ಲಿ ನೆಟ್‌ವರ್ಕ್ ಹಿಡಿಯೋಕೆ ಗುಡ್ಡ ಹತ್ಬೇಕು. ಆದ್ರೂ ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನಲ್ಲಿ ಇ-ಬುಕ್, ಜರ್ನಲ್ ಕೊಡೋ ಯೋಜನೆ) ಇರೋ ಕಾಲೇಜಲ್ಲಿ ಪ್ರತಿ ವಿದ್ಯಾರ್ಥಿಗೂ ಲಾಗಿನ್ ಕೊಡ್ಬೋದು, ಮನೆಯಿಂದ್ಲೂ ಓದ್ಬೋದು, ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇರಲ್ಲ. ಐಐಟಿ ಖರಗ್‌ಪುರದವ್ರ ನ್ಯಾಷನಲ್ ಡಿಜಿಟಲ್ ಲೈಬ್ರರಿಗೆ ಯಾರು ಬೇಕಾದ್ರೂ ಫ್ರೀಯಾಗಿ ಸೇರ್ಬೋದು. ಕಾಲೇಜ್ ವೈಫೈಯಲ್ಲಿ ಡೌನ್‌ಲೋಡ್ ಮಾಡ್ಕೊಂಡು ಮನೆಗೆ ಒಯ್ಯೋದನ್ನ ಕೂರ್ಸಿ ಕಲ್ಸಿ. ಐವತ್ತು ಜನಕ್ಕೆ ಸೆಮಿನಾರ್ ಹಾಲಲ್ಲಿ ಪಿಪಿಟಿ ಹಾಕ್ಬೇಡಿ, ಎಂಟ್ಹತ್ತು ಜನ ಸಾಕು, ಅವರವರ ಫೋನಲ್ಲೇ ಮಾಡ್ಸಿ. ಅದೇ ಹಾಸ್ಟೆಲಿನ ಸೀನಿಯರ್ ಒಬ್ರು ಜೊತೆಗಿದ್ರೆ ಇನ್ನೂ ಒಳ್ಳೇದು, ನಮ್ಮನ್ನ ಕೇಳಕ್ಕೆ ಹೆದರೋದನ್ನ ಅವ್ರ ಹತ್ರ ಕೇಳ್ತಾರೆ.

ಕನ್ನಡ ಮೀಡಿಯಮ್ಮಿಂದ ಬಂದವ್ರಿಗೆ ಇಂಗ್ಲಿಷ್ ಪುಸ್ತಕದ ಮೊದಲ ಪುಟದಲ್ಲೇ ಕಾಲು ನಿಂತ್ಹೋಗತ್ತೆ. ಲೆಕ್ಚರರ್ಸ್ ಹತ್ರ ಕೂತು ಒಂದೊಂದು ಪೇಪರಿಗೂ ಮುಖ್ಯ ನೂರು ಪದ, ಕನ್ನಡದಲ್ಲಿ ಎರಡೆರಡು ಸಾಲಿನ ಅರ್ಥ, ಒಂದು ಹಾಳೇಲಿ ಜೆರಾಕ್ಸ್ ಮಾಡ್ಸಿ ಪುಸ್ತಕದೊಳಗೇ ಇಟ್ಬಿಡಿ. ಹಳೇ ಪ್ರಶ್ನೆಪತ್ರಿಕೆ ಫೈಲ್ ಬೀರುವಲ್ಲಿ ಬೀಗ ಹಾಕ್ಬೇಡಿ.

ಪುಸ್ತಕ ತರಿಸೋವಾಗ ಮಕ್ಕಳನ್ನೂ ಕೇಳಿ. ತಮ್ಮ ಜನ, ತಮ್ಮ ಊರು, ತಮ್ಮ ಮಾತು ಕಪಾಟಲ್ಲಿ ಕಂಡ್ರೆ ಇದು ನಂದೂ ಹೌದು ಅನ್ಸತ್ತೆ. ಅಂಬೇಡ್ಕರ್ ಪುಸ್ತಕ ಏಪ್ರಿಲ್ 14ಕ್ಕೆ ಮಾತ್ರ ಟೇಬಲ್ ಮೇಲೆ ಬಂದು 15ಕ್ಕೆ ಗಾಜಿನ ಬೀರುವಿಗೆ ವಾಪಸ್ ಹೋದ್ರೆ ಯಾರಿಗೇನು ಬಂತು?

ಸೆಮಿಸ್ಟರ್ ಮುಗಿದ್ಮೇಲೆ ಮತ್ತೆ ಅದೇ ರಿಪೋರ್ಟ್ ತೆಗೀರಿ. ಒಂದೂ ಪುಸ್ತಕ ತಗೊಳ್ದೇ ಇದ್ದೋರಲ್ಲಿ ಈಗ ಎಷ್ಟು ಜನ ತಗೊಂಡ್ರು, ಬ್ಯಾಕ್‌ಲಾಗ್, ಅಂದ್ರೆ ಪಾಸಾಗ್ದೆ ಬಾಕಿ ಉಳಿದ ಪೇಪರು, ಎಷ್ಟು ಇಳೀತು ಅಂತ ಎಕ್ಸಾಮ್ ಸೆಕ್ಷನ್ನವ್ರ ಜೊತೆ ಕೂತು ನೋಡಿ. ರಿಸಲ್ಟ್ ಏರಿದ್ರೆ ಪೂರ್ತಿ ಲೈಬ್ರರಿಯಿಂದ್ಲೇ ಅಂತ ಹೇಳಕ್ಕಾಗಲ್ಲ, ಪಾಠ ಇದೆ, ಹಾಸ್ಟೆಲ್ ಇದೆ, ಸ್ಕಾಲರ್‌ಶಿಪ್ ಸಮಯಕ್ಕೆ ಬಂತಾ ಅನ್ನೋದಿದೆ. ಇನ್ನೂ ಬರ್ದೇ ಇರೋರನ್ನ ಮಾತ್ರ ಒಬ್ಬೊಬ್ಬರನ್ನೇ ಕಾರಿಡಾರಲ್ಲಿ ಸಿಕ್ಕಾಗ ಮೆಲ್ಲಗೆ ಕೇಳಿ, ಬಸ್ ಎಷ್ಟೊತ್ತಿಗೆ ನಿಂಗೆ ಅಂತ.