ತೋಡಿಗೆ ಕಟ್ಟ ಹಾಕಿದ ಶಿಬಿರ: ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯಾಗಿ ನನ್ನ ಅನುಭವ

ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ವಾರ್ಷಿಕ ವಿಶೇಷ ಶಿಬಿರಕ್ಕೆ ಊರು ಹುಡುಕಿಕೊಂಡು ಹೋದರೆ ಅಲ್ಲಿ ಕೆಲಸದ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಶಾಲೆಯ ಮೈದಾನ ಸಮತಟ್ಟು ಮಾಡಬೇಕು, ಕಂಪೌಂಡಿಗೆ ಬಣ್ಣ ಹೊಡೆಯಬೇಕು, ರಸ್ತೆ ಬದಿಯ ಪೊದೆ ಸವರಬೇಕು. ಎಲ್ಲವೂ ಬೇಕಾದ ಕೆಲಸಗಳೇ. ಆದರೂ ಪಟ್ಟಿ ಓದಿ ಮುಗಿದ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ: "ನಾವು ಬಾರದೇ ಹೋದರೂ ಈ ವರ್ಷ ನೀವೇ ಮಾಡಲೇಬೇಕಾದ ಕೆಲಸ ಯಾವುದಿದೆ?" ಉತ್ತರ ಕೂಡಲೇ ಬರುವುದಿಲ್ಲ. ಬಂದಾಗ ಮಾತ್ರ ಆ ಕೆಲಸವನ್ನು ಶಿಬಿರಕ್ಕೆ ತೆಗೆದುಕೊಳ್ಳಬೇಕು ಎಂಬುದು ಇಷ್ಟು ವರ್ಷದಲ್ಲಿ ನಾನು ಗಟ್ಟಿಮಾಡಿಕೊಂಡ ನಂಬಿಕೆ. ಊರು ತನ್ನದೆಂದು ಕೈಹಾಕದ ಕೆಲಸವನ್ನು ವಿದ್ಯಾರ್ಥಿಗಳು ಎಷ್ಟೇ ಚೆನ್ನಾಗಿ ಮಾಡಿದರೂ ಮುಂದಿನ ಮಳೆಗಾಲದ ಹೊತ್ತಿಗೆ ಅದನ್ನು ಕೇಳುವವರು ಇರುವುದಿಲ್ಲ.

ಕುಮಾರಧಾರಾ ನದಿಗೆ ಸೇರುವ ಒಂದು ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯ ಊರಿನಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ "ಕಟ್ಟ". ಮಳೆ ನಿಂತು ಹರಿವು ಇಳಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಹಾಕಿ ನೀರು ನಿಲ್ಲಿಸುವುದು ದಕ್ಷಿಣ ಕನ್ನಡ, ಕಾಸರಗೋಡಿನ ಕೃಷಿಕರಿಗೆ ಅಜ್ಜಂದಿರ ಕಾಲದಿಂದ ಗೊತ್ತು. ಕಾಸರಗೋಡಿನ ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಹಾಕುವ ರೂಢಿ ಇಂದಿಗೂ ಹೆಸರುವಾಸಿ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮ ದಕ್ಷಿಣ ಕನ್ನಡ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಸಮುದ್ರ ಸೇರುತ್ತದೆ, ಏಪ್ರಿಲ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ತೋಡಿನಲ್ಲಿ ನಿಂತ ನೀರು ಎರಡೂ ದಡದ ಮಣ್ಣಿಗೆ ಇಳಿಯುತ್ತದೆ, ಆಚೀಚೆಯ ತೋಟ ಮತ್ತು ಬಾವಿಗಳಿಗೆ ಅದೇ ಆಧಾರ. ಕೊಳವೆಬಾವಿ ಬಂದ ಮೇಲೆ, ಕೆಲಸಕ್ಕೆ ಜನ ಸಿಗುವುದು ಕಷ್ಟವಾದ ಮೇಲೆ ಈ ಊರಿನ ಕಟ್ಟ ನಿಂತುಹೋಗಿತ್ತು. ಹೇಗೆ ಕಟ್ಟಬೇಕೆಂದು ಬಲ್ಲ ಹಿರಿಯರಿದ್ದರು, ಬೇಕೆಂಬ ಆಸೆಯೂ ಇತ್ತು. ಇಲ್ಲದ್ದು ಕೈಗಳು ಮಾತ್ರ. ಐವತ್ತು ವಿದ್ಯಾರ್ಥಿಗಳ ಶಿಬಿರಕ್ಕೆ ಇದಕ್ಕಿಂತ ಒಪ್ಪುವ ಕೆಲಸ ಬೇರೆ ಯಾವುದಿದೆ?

ಹೊರಗಿನವರಿಗಾಗಿ ಎರಡು ಮಾತು. ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಅದನ್ನು ಉದ್ಘಾಟಿಸಿದ ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ವಿಶೇಷ ಶಿಬಿರಕ್ಕೆ ಬರಬೇಕು. ಶಿಬಿರ ಸಾಮಾನ್ಯವಾಗಿ ರಜೆಯಲ್ಲೇ. ನಮ್ಮ ಕಾಲೇಜಿನ ಹುಡುಗರಲ್ಲಿ ಹಲವರು ರಜೆ ಸಿಕ್ಕಿದ ಕೂಡಲೇ ಕ್ಯಾಟರಿಂಗ್ ಕೆಲಸಕ್ಕೆ ಹೋಗುವವರು. ಮುಂದಿನ ಸೆಮಿಸ್ಟರಿನ ಫೀಸು, ಬಸ್ ಪಾಸಿನ ಹಣ ಅದರಲ್ಲೇ ಆಗಬೇಕು. ಅಂಥವನು ಒಂದು ವಾರದ ದುಡಿಮೆ ಬಿಟ್ಟು ಶಿಬಿರಕ್ಕೆ ಬರುತ್ತೇನೆ ಎಂದರೆ ಆ ವಾರವನ್ನು ಹಾಳುಮಾಡುವ ಹಕ್ಕು ನನಗಿಲ್ಲ. ಸಿದ್ಧತೆಯ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಕಟ್ಟಕ್ಕೆ ಸಮಯ ಬಹಳ ಮುಖ್ಯ. ಹಿಂಗಾರು ಮಳೆ ಪೂರ್ತಿ ಬಿಡುವ ಮೊದಲೇ ಹಾಕಿದರೆ ಒಂದು ರಾತ್ರಿಯ ಮಳೆಗೆ ಕೊಚ್ಚಿಹೋಗುತ್ತದೆ, ಜನವರಿವರೆಗೆ ಕಾದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಆ ವರ್ಷ ಸೆಮಿಸ್ಟರ್ ರಜೆ ಡಿಸೆಂಬರಿನಲ್ಲಿ ಬಂದದ್ದರಿಂದ ದಿನಾಂಕ ಹೊಂದಿತು. ಆದರೆ ಡಿಸೆಂಬರಿನಲ್ಲಿ ಊರಿನ ಶಾಲೆಗೆ ರಜೆ ಇರುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯವರೂ ಮುಖ್ಯೋಪಾಧ್ಯಾಯರೂ ಕೂತು ಮಾತಾಡಿ ಹುಡುಗಿಯರಿಗೆ ಎರಡು ತರಗತಿ ಕೋಣೆ ಬಿಟ್ಟುಕೊಟ್ಟರು. ಬೆಳಗ್ಗೆ ಒಂಬತ್ತರೊಳಗೆ ಚಾಪೆ ಸುತ್ತಿ, ಗುಡಿಸಿ, ಬೆಂಚು ಜೋಡಿಸಿಡಬೇಕು ಎಂಬ ಷರತ್ತು. ಹುಡುಗರಿಗೆ ಭಜನಾ ಮಂದಿರದ ಸಭಾಂಗಣ.

ಊರು ನೋಡಲು ಹೋದಾಗ ನಾನು ಮೊದಲು ನೋಡುವುದು ಶೌಚಾಲಯ. ಎಷ್ಟಿವೆ, ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ರಾತ್ರಿ ಲೈಟ್ ಇದೆಯೇ. ಶಿಬಿರಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳೇ ಇರುವಾಗ ಇದು ಸರಿಯಿಲ್ಲದ ಜಾಗದಲ್ಲಿ ಉಳಿದ ಮಾತೇ ಬೇಡ. ನೋಡಲು ಒಬ್ಬ ಸ್ವಯಂಸೇವಕಿಯನ್ನೂ ಮಹಿಳಾ ಸಹೋದ್ಯೋಗಿಯನ್ನೂ ಕರೆದುಕೊಂಡೇ ಹೋಗಬೇಕು. ನನ್ನ ಕಣ್ಣಿಗೆ ಬೀಳದ್ದು ಅವರಿಗೆ ಬೀಳುತ್ತದೆ. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ. ತೋಡಿನ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಕೆಲಸವಾದ್ದರಿಂದ ಇಲಿ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿ ಬರುವ ಇಲಿ ಜ್ವರದ ಭಯ ನಮ್ಮ ಕಡೆ ಇದ್ದೇ ಇದೆ. ಕಾಲಿನಲ್ಲಿ ಗಾಯ ಇರುವವರು ನೀರಿಗಿಳಿಯಬಾರದು ಎಂದು ವೈದ್ಯಾಧಿಕಾರಿಗಳು ಖಡಾಖಂಡಿತವಾಗಿ ಹೇಳಿದರು. ಮುನ್ನೆಚ್ಚರಿಕೆಯ ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನೂ ಅವರೇ ನಿರ್ಧರಿಸಿದರು. ಪ್ರತಿದಿನ ಬೆಳಗ್ಗೆ ತಂಡದ ನಾಯಕರು ಎಲ್ಲರ ಕಾಲು ನೋಡಿಯೇ ತೋಡಿಗೆ ಬಿಡುತ್ತಿದ್ದರು. ಗಾಯವಾದವರಿಗೆ ಅಡುಗೆಮನೆ ಅಥವಾ ಮನೆಭೇಟಿಯ ಕೆಲಸ.

ಚೀಲ ಒಟ್ಟುಮಾಡಿದ್ದು ಊರಿನವರು. ಶಿಬಿರಕ್ಕೆ ಎರಡು ತಿಂಗಳ ಮೊದಲೇ ಹಾಲಿನ ಸೊಸೈಟಿಯಲ್ಲಿ ಒಂದು ಚೀಟಿ ಅಂಟಿಸಿದರು: ಪಶು ಆಹಾರದ ಖಾಲಿ ಚೀಲ ಹರಿಯದೆ ತಂದುಕೊಡಿ. ದಿನಾ ಬೆಳಗ್ಗೆ ಹಾಲು ತರುವವರು ಒಂದೊಂದು, ಎರಡೆರಡು ತಂದು ಹಾಕಿದರು. ಮನೆ ಕಟ್ಟಿಸುತ್ತಿದ್ದವರು ಸಿಮೆಂಟ್ ಚೀಲ ಕೊಟ್ಟರು. ಶಿಬಿರ ಶುರುವಾಗುವ ಹೊತ್ತಿಗೆ ಎಂಟುನೂರರ ಹತ್ತಿರ ಚೀಲ ಜಮೆಯಾಗಿತ್ತು. ಹಾಲು ಹಾಕುವ ಪ್ರತಿ ಮನೆಯ ಪಾಲೂ ಆ ಕಟ್ಟದಲ್ಲಿದೆ. ಚೀಲ ಕೊಳ್ಳಲು ನಮ್ಮಲ್ಲಿ ಹಣವಿದ್ದಿದ್ದರೂ ಕೊಳ್ಳಬಾರದಿತ್ತು ಎಂದೇ ನಾನು ಹೇಳುತ್ತೇನೆ.

ಊಟದ ಕಥೆಯೂ ಹಾಗೆಯೇ. ಸರ್ಕಾರದಿಂದ ಬರುವ ಅನುದಾನದಲ್ಲಿ ಏಳು ದಿನ ಮೂರು ಹೊತ್ತು ಹೊಟ್ಟೆ ತುಂಬ ಬಡಿಸುವುದು ಕಷ್ಟ. ಮೊದಲ ದಿನ ಸಂಜೆ ಊರಿನವರು ಹೊರೆಕಾಣಿಕೆ ತಂದರು. ಜಾತ್ರೆಗೆ, ಬ್ರಹ್ಮಕಲಶಕ್ಕೆ ತರುವ ಹಾಗೆಯೇ ಜೀಪಿನಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಬಸಳೆ, ಬಾಳೆಗೊನೆ, ಕಟ್ಟಿಗೆ. ಬೆಳಗ್ಗೆ ಸಜ್ಜಿಗೆ ಅವಲಕ್ಕಿ, ಹತ್ತೂವರೆಗೆ ತೋಡಿನ ಬದಿಯಲ್ಲೇ ಕುಚಲಕ್ಕಿ ಗಂಜಿ, ಚಟ್ನಿ. ಅಡುಗೆ ಸರದಿಯ ಮೇಲೆ. ನೇತ್ರಾವತಿ, ಕುಮಾರಧಾರಾ, ಪಯಸ್ವಿನಿ, ಫಲ್ಗುಣಿ, ನಂದಿನಿ ಎಂದು ನದಿಗಳ ಹೆಸರಿನ, ಹತ್ತು ಜನರ ಐದು ತಂಡ. ಹುಡುಗರಿಗೆ ಹಾರೆ, ಹುಡುಗಿಯರಿಗೆ ಒಲೆ ಎಂಬ ಹಂಚಿಕೆ ನಮ್ಮಲ್ಲಿಲ್ಲ. ಕಾಯಿ ತುರಿಯಲು ಮೊದಲ ಸಲ ಕೂತ ಹುಡುಗರಿಗೆ ಊರಿನ ಅಕ್ಕಂದಿರೇ ಪಕ್ಕದಲ್ಲಿ ಕೂತು ಕಲಿಸಿದರು.

ಇನ್ನು ಕಟ್ಟದ ಕೆಲಸ. ತೋಡಿನ ಅಗಲ ಇಪ್ಪತ್ತೈದು ಅಡಿ, ಕಟ್ಟದ ಎತ್ತರ ಐದು ಅಡಿ ಎಂದು ತೀರ್ಮಾನ. ಎಲ್ಲಿ ಹಾಕಬೇಕೆಂದು ಹೇಳಿದವರು ಎಪ್ಪತ್ತು ದಾಟಿದ ಒಬ್ಬ ಕೃಷಿಕರು. ಮಕ್ಕಳೆಲ್ಲ ಅವರನ್ನು ಅಜ್ಜ ಎಂದೇ ಕರೆದರು. ಅಜ್ಜ ಕೋಲು ಹಿಡಿದು ತೋಡಿನುದ್ದಕ್ಕೂ ಕುತ್ತಿಕೊಂಡು ಹೋದರು. ಹೊಯಿಗೆ (ಮರಳು) ಕಡಿಮೆ ಇದ್ದು, ಕೆಳಗೆ ಗಟ್ಟಿ ಪಾದೆ (ಬಂಡೆ) ಸಿಗುವ, ಎರಡೂ ದಡ ಎತ್ತರವಿರುವ ಜಾಗ ಬೇಕು. ಕಟ್ಟದ ಮೇಲೆ ಹಾರಿಹೋಗುವ ನೀರಿಗಿಂತ ಅಡಿಯಲ್ಲಿ ನುಸುಳುವ ನೀರೇ ದೊಡ್ಡ ಶತ್ರು. ಆದ್ದರಿಂದ ಮೊದಲ ಎರಡು ದಿನ ಒಂದು ಚೀಲವನ್ನೂ ಇಡಲಿಲ್ಲ. ಹಾರೆ, ಪಿಕ್ಕಾಸು ಹಿಡಿದು ಹೊಯಿಗೆ ತೆಗೆದು ಪಾದೆ ಕಾಣುವವರೆಗೆ ಅಗೆದೆವು, ದಡದ ಒಳಕ್ಕೂ ಎರಡು ಅಡಿ ಕೊರೆದೆವು. "ಸರ್, ಇನ್ನೂ ಕಟ್ಟಲು ಶುರುವೇ ಮಾಡಿಲ್ಲವಲ್ಲ" ಎಂದು ಮಕ್ಕಳು ಚಡಪಡಿಸಿದರು. ಅಜ್ಜ ಮೆಲ್ಲಗೆ ಹೇಳಿದರು, "ಇದುವೇ ಕಟ್ಟುವುದು ಮಕ್ಕಳೇ. ಮತ್ತಿನದ್ದು ಬರೇ ಪೇರಿಸುವುದು."

ತೆಗೆದ ಹೊಯಿಗೆಯನ್ನೇ ಚೀಲಕ್ಕೆ ತುಂಬಿಸಿದೆವು. ಚೀಲವನ್ನು ಬಾಯಿಯವರೆಗೆ ತುಂಬಿಸಬಾರದು, ಮೂರರಲ್ಲಿ ಎರಡು ಪಾಲು ಸಾಕು. ತುಂಬಿ ಬಿಗಿಯಾದ ಚೀಲ ಉರುಳುತ್ತದೆ, ಸಡಿಲವಾದದ್ದು ಚಪ್ಪಟೆಯಾಗಿ ಪಕ್ಕದ ಚೀಲಕ್ಕೆ ಒತ್ತಿ ಕೂರುತ್ತದೆ. ಬಾಯಿ ಹೊಲಿದು, ಹೊಲಿದ ಬದಿ ಒಳಕ್ಕೆ ಬರುವಂತೆ ಇಡಬೇಕು. ಗೋಡೆಗೆ ಇಟ್ಟಿಗೆ ಇಡುವಂತೆ ಎರಡು ಚೀಲದ ಸಂದಿನ ಮೇಲೆ ಮೂರನೆಯದು. ಅಡಿಯಲ್ಲಿ ಎಂಟು ಅಡಿ ಅಗಲ, ಮೇಲೆ ಹೋದಂತೆ ಕಿರಿದಾಗುತ್ತ ಮೂರು ಅಡಿ. ಎರಡು ಸಾಲಿನ ನಡುವೆ ಜೇಡಿ ಬೆರೆತ ಮಣ್ಣು ಹಾಕಿ ಕಾಲಿನಿಂದ ತುಳಿಯಬೇಕು. ನೀರು ನಿಲ್ಲುವ ಬದಿಗೆ ದಪ್ಪ ಟಾರ್ಪಾಲು ಹಾಸಿ ಅದರ ಕೆಳಗಿನ ಅಂಚನ್ನು ಮಣ್ಣಿನಲ್ಲಿ ಹೂಳಬೇಕು. ಹೆಚ್ಚಾದ ನೀರು ಕೋಡಿ ಹರಿಯಲು ಮಧ್ಯದಲ್ಲಿ ಎತ್ತರ ತುಸು ತಗ್ಗಿಸಬೇಕು. ಇಲ್ಲವಾದರೆ ಅದು ದಡ ಕೊರೆದುಕೊಂಡು ದಾರಿ ಮಾಡಿಕೊಳ್ಳುತ್ತದೆ. ಒದ್ದೆ ಹೊಯಿಗೆಯ ಒಂದು ಚೀಲ ನಲವತ್ತು ಕಿಲೋ ತೂಗುತ್ತದೆ. ಒಬ್ಬರೇ ಎತ್ತಬಾರದು ಎಂಬ ನಿಯಮ ಮಾಡಿ, ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದೆವು.

ನಮ್ಮ ಕಾಲೇಜಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುವ ಉತ್ತರ ಕರ್ನಾಟಕದ ಮಕ್ಕಳಿದ್ದಾರೆ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುತ್ತಿದ್ದ ಗದಗದ ಕಡೆಯ ಹುಡುಗಿಯೊಬ್ಬಳು ಮಣ್ಣಿನ ಬುಟ್ಟಿ ಹೊರುವುದನ್ನು ನೋಡಿ ಎಲ್ಲರೂ ಕೆಲಸ ನಿಲ್ಲಿಸಿದರು. ಬೈರಾಸನ್ನು (ಟವೆಲನ್ನು) ಸಿಂಬಿ ಸುತ್ತಿ ತಲೆಗಿಟ್ಟು, ಬುಟ್ಟಿಗೆ ಕೈಯನ್ನೂ ಹಚ್ಚದೆ ಜಾರುವ ದಡ ಇಳಿದಳು. "ನಮ್ಮವ್ವನ ಜೋಡಿ ನರೇಗಾ ಕೆಲಸಕ್ಕ ಹೋಗ್ತಿದ್ದೆ ಸರ್" ಎಂದಳು. ಮರುದಿನದಿಂದ ಮಣ್ಣಿನ ಕೆಲಸಕ್ಕೆ ಅವಳೇ ಮೇಸ್ತ್ರಿ. ಪಾಠ ಮಾಡುವ ನಾನು ವರ್ಷವಿಡೀ ನೋಡದೆ ಇದ್ದ ಅವಳ ಧೈರ್ಯವನ್ನು ತೋಡಿನ ಬದಿಯಲ್ಲಿ ನೋಡಿದೆ.

ಶಿಬಿರಗಳಲ್ಲಿ ಉಪನ್ಯಾಸದ ಹೊರೆ ಹೆಚ್ಚು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಳಗ್ಗಿನಿಂದ ಮಣ್ಣು ಹೊತ್ತ ಮಕ್ಕಳನ್ನು ಮಧ್ಯಾಹ್ನ ಮೂರು ಗಂಟೆ ಕಾಲ ಕೂರಿಸಿ ಮೂರು ಭಾಷಣ ಕೇಳಿಸಿದರೆ ಯಾರಿಗೂ ಪ್ರಯೋಜನವಿಲ್ಲ. ದಿನಕ್ಕೆ ಒಂದೇ, ಅದೂ ಮುಕ್ಕಾಲು ಗಂಟೆ. ಕರೆದದ್ದು ಹತ್ತಿರದವರನ್ನೇ: ಆಶಾ ಕಾರ್ಯಕರ್ತೆ, ಪಂಚಾಯತಿನ ಪಿಡಿಒ, ಬಾವಿ ತೋಡುವ ಕಾರ್ಮಿಕರೊಬ್ಬರು. ಎಷ್ಟು ಆಳಕ್ಕೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಅದರ ಕೆಳಗೆ ಜೇಡಿ, ನೀರಿನ ಒಸರು ಯಾವ ಬದಿಯಿಂದ ಬರುತ್ತದೆ ಎಂದು ಆ ಕಾರ್ಮಿಕರು ನೆಲದ ಮೇಲೆ ಗೆರೆ ಎಳೆದು ವಿವರಿಸಿದಾಗ ಒಬ್ಬರೂ ತೂಕಡಿಸಲಿಲ್ಲ.

ಸಂಜೆ ನಾಲ್ಕರ ನಂತರ ಮನೆಭೇಟಿ. ಎರಡು ಪುಟದ ನಮೂನೆಯಲ್ಲಿ ಕೇಳಿದ್ದು ಬಾವಿಯ ಸಂಗತಿ ಮಾತ್ರ: ಆಳವೆಷ್ಟು, ಈಗ ನೀರು ಎಷ್ಟಿದೆ, ಯಾವ ತಿಂಗಳು ಬತ್ತುತ್ತದೆ, ಆಮೇಲೆ ನೀರು ಎಲ್ಲಿಂದ ತರುತ್ತೀರಿ. ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದರು. ಕಾಗದ ಹಿಡಿದು ಜಗಲಿಯಲ್ಲಿ ನಿಂತು ಪ್ರಶ್ನೆ ಕೇಳುವ ಬದಲು ಬಾವಿಕಟ್ಟೆಯ ಬಳಿ ಹೋಗಿ ನಿಂತದ್ದರಿಂದ ಮನೆಯ ಹೆಂಗಸರು ಮಾತಿಗೆ ಬಂದರು. ಏಪ್ರಿಲಿನಲ್ಲಿ ಎಷ್ಟು ಕೊಡ ನೀರಿನಲ್ಲಿ ದಿನ ದೂಡುತ್ತಾರೆ ಎಂಬುದು ಗೊತ್ತಿದ್ದದ್ದು ಅವರಿಗೆ ಮಾತ್ರ.

ಕಟ್ಟವನ್ನು ಎರಡೂ ದಡದಿಂದ ಕಟ್ಟುತ್ತ ಬಂದು, ನೀರು ಹೋಗಲು ನಡುವೆ ನಾಲ್ಕು ಅಡಿ ಜಾಗ ಬಿಟ್ಟಿದ್ದೆವು. ಆರನೆಯ ದಿನ ಅದನ್ನು ಮುಚ್ಚುವುದು. ಇದನ್ನು ನಿಧಾನಕ್ಕೆ ಮಾಡುವಂತಿಲ್ಲ, ಶುರುಮಾಡಿದರೆ ಒಂದೇ ಉಸಿರಿಗೆ ಮುಗಿಸಬೇಕು. ಅಂದು ಊರಿನವರು ತೋಟದ ಕೆಲಸ ಬಿಟ್ಟು ಬಂದರು. ಶಾಲೆ ಬಿಟ್ಟ ಮಕ್ಕಳು ದಡದಲ್ಲಿ ಸಾಲುಗಟ್ಟಿದರು. ಕೊನೆಯ ಚೀಲ ಇಟ್ಟು, ಮಣ್ಣು ತುಳಿದು, ಟಾರ್ಪಾಲು ಎಳೆದು ಮುಗಿಸುವಾಗ ಎಲ್ಲರ ಮೈಯೂ ಕೆಸರು. ಬೆಳಗ್ಗೆ ಎದ್ದು ನೋಡಿದರೆ ನೀರು ಮಧ್ಯದ ತಗ್ಗಿನಿಂದ ತೆಳ್ಳಗೆ ಕೋಡಿ ಹರಿಯುತ್ತಿತ್ತು. ಸಮಾರೋಪ ಸಮಾರಂಭಕ್ಕೆ ಬಂದ ಅತಿಥಿಗಳನ್ನು ವೇದಿಕೆಗೆ ಕರೆಯುವ ಮೊದಲು ತೋಡಿನ ಬಳಿಗೆ ಕರೆದುಕೊಂಡು ಹೋದೆವು.

ಕಟ್ಟ ಹಾಕಿದ ಮೇಲೆ ಬಿಚ್ಚುವ ಜವಾಬ್ದಾರಿಯೂ ನಮ್ಮದೇ. ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಪುಡಿಯಾಗುತ್ತದೆ. ಜೂನ್ ಮಳೆಗೆ ಬಿಟ್ಟರೆ ಚೂರುಗಳೆಲ್ಲ ಹೊಳೆ ಸೇರುತ್ತವೆ, ಕಟ್ಟ ಒಡೆದು ದಡವೂ ಕುಸಿಯುತ್ತದೆ. ಹಾಗಾಗಿ ಮೇಲಿನ ಸಾಲಿಗೆ ತೆಂಗಿನ ಮಡಲು ಮುಚ್ಚಿಟ್ಟಿದ್ದೆವು, ಮೇ ಕೊನೆಯಲ್ಲಿ ಬರುತ್ತೇವೆ ಎಂದು ಶಿಬಿರದಲ್ಲೇ ಹೆಸರು ಬರೆಸಿಕೊಂಡಿದ್ದೆವು. ಪರೀಕ್ಷೆಯ ಗಡಿಬಿಡಿಯಲ್ಲೂ ಬರೆಸಿದವರಲ್ಲಿ ಹೆಚ್ಚಿನವರು ಬಂದರು. ಬಿಸಿಲು ತಾಗಿದ ಚೀಲ ಕೈಗೆ ಪುಡಿಪುಡಿ ಬಂತು, ಅದನ್ನೆಲ್ಲ ಆರಿಸಿ ಪಂಚಾಯತಿನ ಕಸದ ಗಾಡಿಗೆ ಹಾಕಿದೆವು. ಒಳಗಿನವು ಗಟ್ಟಿಯಾಗಿದ್ದವು. ಹೊಯಿಗೆಯನ್ನು ತೋಡಿಗೇ ಸುರಿದೆವು, ನೀರು ನಿಂತಲ್ಲಿ ಕೂತಿದ್ದ ಮೆಕ್ಕಲನ್ನು ಕೃಷಿಕರು ತೋಟಕ್ಕೆ ಹೊತ್ತರು. ಅದೇ ದಿನ ಬಾವಿಗಳನ್ನು ಮತ್ತೆ ಅಳೆದೆವು. ಕಟ್ಟಕ್ಕೆ ಹತ್ತಿರದ ಬಾವಿಗಳಲ್ಲಿ ಕೊಡ ಮುಳುಗುವಷ್ಟು ನೀರಿತ್ತು, ಗುಡ್ಡದ ಮೇಲಿನ ಮನೆಗಳಿಗೆ ಅದರಿಂದ ವ್ಯತ್ಯಾಸವೇನೂ ಆಗಿರಲಿಲ್ಲ. ಎರಡನ್ನೂ ವರದಿಯಲ್ಲಿ ಬರೆದೆವು.

ಟಾರ್ಪಾಲು ತೊಳೆದು ಸೊಸೈಟಿಯ ಅಟ್ಟದಲ್ಲಿಟ್ಟರು. ನವೆಂಬರಿನಲ್ಲಿ ಸೊಸೈಟಿಯ ಕಾರ್ಯದರ್ಶಿ ಫೋನ್ ಮಾಡಿದರು: "ಚೀಲ ಒಟ್ಟಾಗಿದೆ ಮಾಸ್ಟ್ರೇ. ಈ ಸಲ ನಾವೇ ಕಟ್ತೇವೆ. ಮುಚ್ಚುವ ದಿನಕ್ಕೆ ನಿಮ್ಮ ಮಕ್ಕಳನ್ನು ಒಂದಿಷ್ಟು ಕಳಿಸಿ." ಹಳೆಯ ಶಿಬಿರಾರ್ಥಿಗಳು ಭಾನುವಾರ ಬಸ್ ಹಿಡಿದು ಹೋದರು. ಆ ವರ್ಷದ ಶಿಬಿರವನ್ನು ಅದೇ ತೋಡಿನ ಮೇಲ್ಭಾಗದ ಊರಿನಲ್ಲಿ ಇಟ್ಟೆವು.