ನೈಟ್ರಾಕ್ಸ್ ಅನಲೈಸರ್ ಕೊಳ್ಳುವಾಗ ಮೊದಲು ಸೆನ್ಸರ್ ನೋಡಿ

ಅಂಡಮಾನ್‌ಗೆ ಡೈವಿಂಗ್‌ಗೆ ಹೊರಟವರು ನೈಟ್ರಾಕ್ಸ್ (ಮಾಮೂಲಿ ಗಾಳಿಗಿಂತ ಹೆಚ್ಚು ಆಕ್ಸಿಜನ್ ಇರುವ ಉಸಿರಾಟದ ಮಿಶ್ರಣ) ಅಳೆಯಲು ಸ್ವಂತ ಆಕ್ಸಿಜನ್ ಅನಲೈಸರ್ ಬಗ್ಗೆ ಕೇಳ್ತಿದ್ದೀರಿ. ಡಿಸ್‌ಪ್ಲೇ ಅಂದಚಂದಕ್ಕೆ ಮರುಳಾಗಬೇಡಿ, ಜೀವಾಳ ಇರೋದು ಒಳಗಿನ ಸೆನ್ಸರ್‌ನಲ್ಲಿ. ಅದು ಗ್ಯಾಲ್ವಾನಿಕ್ ಸೆಲ್, ಅಂದರೆ ಆಕ್ಸಿಜನ್ ತಾಗಿದಾಗ ವಿದ್ಯುತ್ ಹೊಮ್ಮಿಸುವ ಪುಟ್ಟ ಬ್ಯಾಟರಿಯಂಥದ್ದು. ಪ್ಯಾಕ್ ಒಡೆದ ದಿನದಿಂದಲೇ ಸವೆಯುತ್ತದೆ, ಬಳಸಿದರೂ ಬಳಸದಿದ್ದರೂ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಹಾಗಾಗಿ ತಯಾರಿಕೆಯ ದಿನಾಂಕ ಕೇಳಿ, ಬದಲಿ ಸೆನ್ಸರ್ ಇಲ್ಲಿ ಸುಲಭಕ್ಕೆ ಸಿಗುವ ಮಾದರಿಯನ್ನೇ ಆರಿಸಿ. ಸೆನ್ಸರ್ ಹೊಮ್ಮಿಸುವ ಮಿಲಿವೋಲ್ಟ್ ಕೂಡ ತೋರಿಸುವಂಥದ್ದು ಸಿಕ್ಕರೆ ನನ್ನ ಮತ ಅದಕ್ಕೇ. ಸೆನ್ಸರ್ ಸೋಲುತ್ತಿರುವುದು ಮೊದಲೇ ಗೊತ್ತಾಗುತ್ತದೆ. ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ.

ಅನಿಲದ ಹರಿವನ್ನು ಒಂದೇ ಸಮ ಇಡುವ ರಿಸ್ಟ್ರಿಕ್ಟರ್ ಇರಲಿ. ಹರಿವು ಜೋರಾದರೆ ರೀಡಿಂಗ್ ತಪ್ಪುತ್ತದೆ. ಪ್ರತಿ ಸಲ ಗಾಳಿಯಲ್ಲಿ 20.9ಕ್ಕೆ (ಗಾಳಿಯಲ್ಲಿರುವ ಆಕ್ಸಿಜನ್‌ನ ಶೇಕಡಾವಾರು) ಕ್ಯಾಲಿಬ್ರೇಟ್ ಮಾಡಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಕರಾವಳಿಯ ತೇವಕ್ಕೆ ರೀಡಿಂಗ್ ಸ್ವಲ್ಪ ಕಡಿಮೆ ತೋರಬಹುದು, ಆದ್ದರಿಂದ ಸಿಲಿಂಡರಿನ ಒಣ ಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡುವುದು ಇನ್ನೂ ಒಳ್ಳೆಯದು.

ಯಾಕಿಷ್ಟು ಒತ್ತಿ ಹೇಳ್ತಿದ್ದೇನೆಂದರೆ, ಉಸಿರಾಡುವ ಆಕ್ಸಿಜನ್‌ನ ಒತ್ತಡ 1.4 ಬಾರ್ ಮೀರಬಾರದೆಂಬ ಮಿತಿಯಲ್ಲಿ 32% ಆಕ್ಸಿಜನ್ ಇರುವ ಮಿಶ್ರಣಕ್ಕೆ ಗರಿಷ್ಠ ಆಳ ಸುಮಾರು 33 ಮೀಟರ್, 36%ಗೆ 28 ಮೀಟರ್ ಅಷ್ಟೇ. ಆ ಆಳ ಮೀರಿದರೆ ನೀರಿನಡಿಯಲ್ಲಿ ಫಿಟ್ಸ್ ಬರುವ ಅಪಾಯವಿದೆ. ಸಿಲಿಂಡರಿಗೆ ಅಂಟಿಸಿದ ಚೀಟಿಯನ್ನು ನಂಬಬೇಡಿ, ನಿಮ್ಮ ಕೈಯಾರೆ ಅಳೆದು ನೀವೇ ಬರೆಯಿರಿ.